ಯಾರು ಹೇಳಿದರೂ ಕೇಳುವ ಫೋನು

ಆ ಫೋನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಹೊಟ್ಟೆಕಿಚ್ಚು ಅನ್ನಿ, ಪರವಾಗಿಲ್ಲ, ಒಪ್ಪಿಕೊಳ್ಳುತ್ತೇನೆ.

ಅಕ್ಕ ಬೈಂಡಿಂಗ್ ಅಂಗಡಿಯಲ್ಲಿ ಇಪ್ಪತ್ತಾರು ವರ್ಷ ಪುಸ್ತಕ ಹೊಲಿದವಳು. ಸಂಧಿವಾತ ಬಂದು ಹತ್ತೂ ಬೆರಳು ಸೊಟ್ಟಗಾದ ಮೇಲೆ ಅವಳ ಕೈ ನಾನೇ ಆದೆ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಫ್ರೇಮಿಗೆ ಗಾಜು ಕೂರಿಸಿ, ಸುಸ್ತಾಗಿ ಮನೆಗೆ ಬಂದರೂ ಮೊದಲು ಅವಳ ಫೋನು ಹಿಡಿದು ಮೆಸೇಜು ಓದಿ ಹೇಳಬೇಕು, ಅವಳು ಹೇಳಿದ್ದನ್ನು ಒತ್ತಿ ಕಳಿಸಬೇಕು, ಆಮೇಲೆ ನನ್ನ ಊಟ. ಐದು ವರ್ಷ ಹೀಗೇ ನಡೆಯಿತು. ಒಂದು ದಿನವೂ ಗೊಣಗಲಿಲ್ಲ. ನಿಜ ಹೇಳಬೇಕೆಂದರೆ, ಅದು ನನಗೆ ಇಷ್ಟವಾಗಿತ್ತು.

ಹೋದ ತಿಂಗಳು ಫಿಸಿಯೋಥೆರಪಿಯವಳು ಬಂದು, ಅದೇ ಫೋನಿನಲ್ಲಿ ಏನೋ ಒತ್ತಿ, ಇನ್ನು ಮೇಲೆ ಬಾಯಲ್ಲಿ ಹೇಳಿದರೆ ಸಾಕು ಎಂದು ಅಕ್ಕನಿಗೆ ಕಲಿಸಿದಳು. ದಾರ ಕಟ್ಟಿ ಕೊರಳಿಗೂ ಹಾಕಿದಳು. ಅಷ್ಟೇ, ಆಮೇಲೆ ನನ್ನನ್ನು ಕೇಳುವವರೇ ಇಲ್ಲ. ಅಕ್ಕ ಹೇಳಿದರೆ ಅದು ಹಾಡು ಹಾಕುತ್ತದೆ, ಪೇಪರು ಓದುತ್ತದೆ, ಔಷಧಿ ಅಂಗಡಿಗೆ ಫೋನು ಹಚ್ಚುತ್ತದೆ. ನನ್ನ ಮೇಲೆ ಸಿಡಿಮಿಡಿಗುಟ್ಟುವವಳು ಅದರ ಹತ್ತಿರ ಮಗುವನ್ನು ರಮಿಸುವ ಹಾಗೆ ಮಾತಾಡುತ್ತಿದ್ದಳು. ಮೈಯೆಲ್ಲ ಉರಿದುಹೋಗುತ್ತಿತ್ತು. ಗದ್ದಲವಿದ್ದರೆ ಅದಕ್ಕೆ ಕಿವುಡು ಎಂದು ಗೊತ್ತಾದ ದಿನ, ಒಳಗೆ ಏನೂ ಹಾಕದೆ ಅರ್ಧ ಗಂಟೆ ಮಿಕ್ಸಿ ತಿರುಗಿಸಿದ್ದೇನೆ. ಏನು ರುಬ್ಬುತ್ತಿದ್ದೀಯೆ ಎಂದು ಅಕ್ಕ ಕೇಳಿದಳು. ನನ್ನ ತಲೆ ಎಂದೆ.

ಆ ಉರಿಯ ಜೊತೆಗೆ ಭಯವೂ ಇತ್ತು. ಅದನ್ನೂ ಹೇಳಿಬಿಡುತ್ತೇನೆ.

ಅಂಗಡಿಯಲ್ಲಿ ಅಕ್ಕನ ಪಕ್ಕದಲ್ಲೇ ಕೂತು ಹೊಲಿಯುತ್ತಿದ್ದ ಗೆಳತಿಯೊಬ್ಬಳಿದ್ದಳು. ಉದ್ದಜಡೆ ಎಂದೇ ನಾವು ಕರೆಯುತ್ತಿದ್ದದ್ದು. ಬೇರೆ ಊರಿಗೆ ಹೋಗಿ ನೆಲೆಸಿದವಳು ಎರಡು ವರ್ಷದ ಹಿಂದೆ, ಮೆಟ್ಟಿಲಿಲ್ಲದ ಮನೆ ಸಿಕ್ಕಿದೆ, ಬಂದು ನನ್ನ ಜೊತೆಗಿರು ಎಂದು ಅಕ್ಕನಿಗೆ ಬರೆದಳು. ಅಕ್ಕನ ಮುಖ ನೋಡಬೇಕಿತ್ತು ಆಗ. ನನ್ನ ಮುಖ ನೋಡಿ ಅವಳು ಯಾವತ್ತೂ ಹಾಗೆ ಅರಳಿದವಳಲ್ಲ. ಬರ್ತೀನಿ ಅಂತ ಹಾಕು ಎಂದಳು. ನಾನು ಹಾಕಿದ್ದು ಬೇರೆ. ಉದ್ದಜಡೆ ಮತ್ತೆ ಬರೆಯಲಿಲ್ಲ. ಮರೆತವಳಿಗೆ ನಾನ್ಯಾಕೆ ಫೋನು ಮಾಡಲಿ ಎಂದು ಅಕ್ಕನಿಗೂ ಬಿಗುಮಾನ. ವಾರಗಟ್ಟಲೆ ಕೊರಗಿದಳು. ಬೆನ್ನು ಸವರಿ ಸಮಾಧಾನ ಮಾಡಿದವಳೂ ನಾನೇ.

ಆ ಮೆಸೇಜನ್ನು ಅವತ್ತೇ ಅಳಿಸಿಬಿಡಬಹುದಿತ್ತು. ಅಕ್ಕ ತಾನೇ ಫೋನು ನಡೆಸುವ ದಿನ ಬರುತ್ತದೆಂದು ಯಾರು ಕಂಡಿದ್ದರು? ಈಗ ಅಳಿಸೋಣವೆಂದರೆ ಫೋನು ಅವಳ ಕೊರಳು ಬಿಟ್ಟು ಇಳಿಯುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಅವಳಿಗೆ ಟೀ ಕುಡಿಸುತ್ತಿದ್ದೆ. ಅವಳ ಹಳೇ ಮಾತಾದರೂ ಕೇಳೋಣ ಎನ್ನುತ್ತ ಅಕ್ಕ, ಉದ್ದಜಡೆಯ ಮೆಸೇಜು ಓದು ಎಂದು ಫೋನಿಗೆ ಹೇಳಿದಳು. ಫೋನು ಉದ್ದಜಡೆ ಕರೆದದ್ದನ್ನು ಓದಿತು. ಆಮೇಲೆ, ನೀವು ಕಳಿಸಿದ್ದು, ಎಂದು ಶುರು ಮಾಡಿತು.

"ನಿಲ್ಲಿಸು" ಎಂದೆ.

ನಿಂತಿತು. ನನ್ನ ಮಾತನ್ನೂ ಕೇಳುತ್ತದೆ, ದರಿದ್ರದ್ದು.

ಅಕ್ಕ ನನ್ನನ್ನೇ ನೋಡಿದಳು. "ಓದು" ಎಂದಳು. ನಾನು ನಿಲ್ಲಿಸು ಎಂದೆ, ಅವಳು ಓದು ಎಂದಳು. ನಾಲ್ಕು ಸಲ ಹೀಗೇ ಆಯಿತು. ಐದನೆಯ ಸಲ ನಾನು ಟೀ ಲೋಟ ಕೆಳಗಿಟ್ಟು ಕೂತೆ. ಫೋನು ಪೂರ್ತಿ ಓದಿತು.

"ನನಗೆ ಬರೋಕೆ ಇಷ್ಟ ಇಲ್ಲ. ತಂಗೀನ ಬಿಟ್ಟು ನಾನಿರಲ್ಲ. ಪದೇ ಪದೇ ಕರೆದು ಕಾಟ ಕೊಡಬೇಡ."

ಅಕ್ಕ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಫೋನಿನ ಕಡೆ ಬಗ್ಗಿ, ಉದ್ದಜಡೆಗೆ ಬರೆಯಲು ಹೇಳಿದಳು.

"ಅದು ನನ್ನ ಮಾತಲ್ಲ. ನನ್ನ ತಂಗಿ ಬರೆದಿದ್ದು. ನನಗೆ ಇವತ್ತು ಗೊತ್ತಾಯ್ತು. ಜಾಗ ಇನ್ನೂ ಇದ್ರೆ ಬರ್ತೀನಿ."

ಕಳಿಸಲೇ ಎಂದು ಫೋನು ಕೇಳಿತು. ಅಕ್ಕ ನನ್ನ ಕಡೆ ತಿರುಗಿದಳು.

"ನೀನೇ ಹೇಳು."

ಬೇಡ ಎಂದಿದ್ದರೂ ಅದು ಕೇಳುತ್ತಿತ್ತು. ಅದು ಅಕ್ಕನಿಗೂ ಗೊತ್ತಿತ್ತು. ಅವಳ ಸೊಟ್ಟ ಬೆರಳುಗಳು ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು.

ಕಳಿಸು ಎಂದೆ. ದನಿ ಸಣ್ಣಗಿತ್ತು, ಫೋನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿ ಎಂದಿತು.

"ಗಟ್ಟಿಯಾಗಿ ಹೇಳೇ" ಎಂದಳು ಅಕ್ಕ.

ಗಟ್ಟಿಯಾಗಿ ಹೇಳಿದೆ. ಹೋಯಿತು.