ಕಡವಿನ ಆಚೆ ನಲವತ್ತನೆಯವ

ಮೂಸಕುಂಞಿ ಮೂರನೆಯ ಸಲ ಎಣಿಸಿದ. ತನ್ನನ್ನೇ ಬಿಟ್ಟು ಎಣಿಸುವಷ್ಟು ಪೆದ್ದನೇನೂ ಅಲ್ಲ ಅವನು. ಎದೆ ಮುಟ್ಟಿಕೊಂಡು ‘ಒಂದು’ ಎಂದೇ ಶುರು ಮಾಡಿದ್ದ. ಆದರೂ ಲೆಕ್ಕ ಮೂವತ್ತೊಂಬತ್ತಕ್ಕೆ ಬಂದು ನಿಂತಿತು.

ಇಚಿಲಂಪಾಡಿಯ ಹೊಳೆಬದಿಯ ಆ ಹೊಸ ಮಸೀದಿಯಲ್ಲಿ, ಊರವರ ಬಾಯಲ್ಲಿ ಪಳ್ಳಿಯಲ್ಲಿ, ಸುಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ದಿನದ ಐದು ಹೊತ್ತಿನ ನಮಾಜಿಗೆ ಇಬ್ಬರಿದ್ದರೆ ಸಾಕು, ಒಬ್ಬನಿದ್ದರೂ ನಡೆಯುತ್ತದೆ. ಶುಕ್ರವಾರದ ಜುಮಾ ಹಾಗಲ್ಲ. ಅಲ್ಲಿಯ ಬ್ಯಾರಿ ಮುಸ್ಲಿಮರು ಪಾಲಿಸಿಕೊಂಡು ಬಂದ ಕ್ರಮದಲ್ಲಿ ಅದಕ್ಕೆ ನಲವತ್ತು ಗಂಡಸರು ಬೇಕು. ಪ್ರಾಯಕ್ಕೆ ಬಂದವರಾಗಿರಬೇಕು, ಅದೇ ಊರಲ್ಲಿ ನೆಲೆ ನಿಂತವರಾಗಿರಬೇಕು. ನೆಂಟರು ಲೆಕ್ಕಕ್ಕಿಲ್ಲ, ಕೆಲಸಕ್ಕೆಂದು ಬಂದು ಹೋಗುವವರೂ ಇಲ್ಲ. ಒಬ್ಬ ಕಡಿಮೆಯಾದರೆ ಖುತುಬಾದ ಪ್ರವಚನ ಇಲ್ಲ, ಜುಮಾ ಇಲ್ಲ. ಮಾಮೂಲಿನಂತೆ ಮಧ್ಯಾಹ್ನದ ಲುಹರ್ ನಮಾಜು ಮುಗಿಸಿ ಎದ್ದು ಹೋಗುವುದು.

ಖಾಝಿಯವರ ಕಾಗದವೂ ಅದನ್ನೇ ಹೇಳಿತ್ತು. ಮೊದಲ ಶುಕ್ರವಾರ ನಲವತ್ತು ಮಂದಿ ತುಂಬಿದರೆ ಹೊಸ ಪಳ್ಳಿಯಲ್ಲಿ ಜುಮಾ ಮುಂದುವರಿಯಲಿ. ತುಂಬದಿದ್ದರೆ ಈ ವರ್ಷ ಎಲ್ಲರೂ ಹಿಂದಿನಂತೆ ಹೊಳೆಯಾಚೆಯ ಹಳೆ ಪಳ್ಳಿಗೇ ಹೋಗಲಿ. ಅದನ್ನು ಕಣ್ಣಾರೆ ನೋಡಿ ತಿಳಿಸಲೆಂದು ಹಳೆ ಪಳ್ಳಿಯ ಹಿರಿಯ ಪೊಕ್ಕರ್ ಹಾಜಿ ನಿನ್ನೆಯೇ ಹೊಳೆ ದಾಟಿ ಬಂದು, ಮುಂದಿನ ಸಾಲಿನಲ್ಲಿ ಕೊಡೆಯನ್ನು ಪಕ್ಕಕ್ಕಿಟ್ಟುಕೊಂಡು ಕೂತಿದ್ದರು. ಮುಖದಲ್ಲಿ ಇತ್ತ ನಗುವೂ ಇಲ್ಲ, ಅತ್ತ ಸಿಟ್ಟೂ ಇಲ್ಲ.

ಹಿಂದಿನಂತೆ! ಕಾಗದದಲ್ಲಿ ಬರೆಯಲು ಎಷ್ಟು ಸಲೀಸು. ಎರಡು ವರ್ಷದ ಹಿಂದೆ ಇದೇ ಮಳೆಗಾಲದ ಆಟಿ ತಿಂಗಳ ಒಂದು ಶುಕ್ರವಾರ, ಆಚೆ ದಡದ ಬಾಂಗಿನ ಕರೆ ಕೇಳಿ ಮೂಸಕುಂಞಿಯ ಮಗ ಹಸನಬ್ಬ ಹೊಳೆಗೆ ಓಡಿದ್ದ. ಹೊಳೆ ತುಂಬಿ ದೋಣಿಯ ದೇವದಾಸ ಕಡವು ದಾಟಿಸುವುದನ್ನು ನಿಲ್ಲಿಸಿದ್ದ. ಹಸನಬ್ಬ ಕೇಳಲಿಲ್ಲ, ಜೊತೆಗಾರ ಸಾಹುಲ್ ಹಮೀದನನ್ನು ಕರೆದುಕೊಂಡು ತಾನೇ ದೋಣಿ ಬಿಚ್ಚಿದ. ನಡುಹೊಳೆಯಲ್ಲಿ ದೋಣಿ ಮಗುಚಿತು. ಈಜಿ ದಡ ಸೇರಿದವನು ಸಾಹುಲ್ ಹಮೀದ್ ಒಬ್ಬನೇ.

“ನೀನು ಒಬ್ಬನೇ ಎಂತಕ್ಕೆ ಬಂದದ್ದು?” ಎಂದು ಮೂಸಕುಂಞಿ ಅವನನ್ನು ಕೇಳಿದ್ದ. ಅದೇ ಕೊನೆ, ಆಮೇಲೆ ಅವನೊಡನೆ ಮಾತಿಲ್ಲ. ಮೂಸಕುಂಞಿ ತನ್ನ ಜಾಗದಲ್ಲಿ ಪಳ್ಳಿ ಕಟ್ಟಲು ಹೊರಟದ್ದು ಆ ದಿನದಿಂದ. ಇನ್ನು ಶುಕ್ರವಾರಕ್ಕೆಂದು ಯಾರ ಮಗನೂ ಈ ಹೊಳೆಗೆ ಇಳಿಯಬಾರದು. ಅವನ ತಲೆಯಲ್ಲಿ ಇದ್ದದ್ದು ಅಷ್ಟೇ.

“ಬಾರದವ ಯಾರು?” ನಮಾಜು ನಡೆಸುವ ಮುಸ್ಲಿಯಾರ್ ಕೇಳಿದರು.

“ಅದ್ರಾಮ, ಉಸ್ತಾದ್. ಅಡಿಕೆ ವ್ಯಾಪಾರ ಅಂತ ಮರ್ಕಂಜಕ್ಕೆ ಹೋದವ. ಘಟ್ಟದಲ್ಲಿ ಮಳೆ ಅಲ್ವಾ, ಬಸ್ಸು ನಿಂತಿದೆಯಂತೆ.”

ಮುಸ್ಲಿಯಾರ್ ನಿಟ್ಟುಸಿರುಬಿಟ್ಟರು. ಇವತ್ತು ಖುತುಬಾಕ್ಕೆ ಮೊದಲು ನಾಲ್ಕು ಮಾತು ಹೇಳಬೇಕೆಂದು ಅವರು ಒಂದು ವಾರದಿಂದ ಸಿದ್ಧರಾಗಿದ್ದರು. ಶುಕ್ರವಾರದ ಕರೆ ಕೇಳಿದೊಡನೆ ವ್ಯಾಪಾರ ಬಿಟ್ಟು ದೇವರ ಸ್ಮರಣೆಯತ್ತ ಧಾವಿಸಿ ಎಂದು ಕುರ್‌ಆನಿನಲ್ಲಿ ಆಯತ್, ದೇವರ ವಚನ, ಇಳಿದ ಬಗೆಯನ್ನೂ, ಏಳು ದಿನಗಳಲ್ಲಿ ಈ ದಿನಕ್ಕೇ ಆ ಗೌರವ ಏಕೆಂಬುದನ್ನೂ ಹೇಳಬೇಕೆಂದಿದ್ದರು. ಆಯತ್ ವ್ಯಾಪಾರವನ್ನು ಹೆಸರಿಸಿ ಹೇಳಿದ್ದರೂ ಅದ್ರಾಮನಿಗೆ ಇವತ್ತೇ ಅಡಿಕೆ ನೆನಪಾಗಬೇಕಿತ್ತೆ!

“ಮೂರು ಗಂಟೆಯವರೆಗೆ ಕಾಯುವ. ಆಮೇಲೆ ಆಗುದಿಲ್ಲ,” ಎಂದರು ಮುಸ್ಲಿಯಾರ್.

ಗೋಡೆಯ ಗಡಿಯಾರದಲ್ಲಿ ಆಗ ಎರಡು ಕಳೆದು ಐದು ನಿಮಿಷ.

ಮೂಸಕುಂಞಿ ಹೊರಗೆ ಬಂದ. ಇಲ್ಲಿ ಮಳೆಯ ಸುಳಿವಿಲ್ಲ, ಕಣ್ಣು ಕುಕ್ಕುವ ಬಿಸಿಲು. ಆದರೆ ಬೆಳಿಗ್ಗೆ ದೋಣಿ ದಾಟುವಷ್ಟು ಇಳಿದಿದ್ದ ಹೊಳೆ ಘಟ್ಟದ ನೀರು ಹೊತ್ತು ಕೆಂಪಾಗಿ ಏರುತ್ತಿತ್ತು. ಮನೆಯ ಹಿಂದೆ ಅವನ ಹೆಂಡತಿ ಪಾತುಮ್ಮ ನೆಯ್ಚೋರು ಎಂಬ ತುಪ್ಪದನ್ನ ಬೇಯುತ್ತಿದ್ದ ದೊಡ್ಡ ಚೆಂಬಿನ ಕೆಳಗಿನ ಬೆಂಕಿ ಕೆದಕುತ್ತಿದ್ದಳು. ಗಂಡನ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು.

“ಎಷ್ಟಾಯ್ತು?”

“ಒಬ್ಬ ಕಡಿಮೆ. ಊರಿಡೀ ಹುಡುಕಿದರೂ ಇನ್ನೊಬ್ಬ ಇಲ್ಲ.”

ಪಾತುಮ್ಮ ಸೌದೆ ಕೆಳಗಿಟ್ಟಳು. “ಇನ್ನೊಬ್ಬ ಉಂಟಲ್ಲ. ನೀವು ಎಣಿಸುದಿಲ್ಲ, ಅಷ್ಟೇ.”

ಮೂಸಕುಂಞಿಗೆ ಮೈಯೆಲ್ಲ ಉರಿಯಿತು. “ಅವನ ಹೆಸರು ಎತ್ತಬೇಡ.”

“ಎತ್ತಲಿಲ್ಲ. ನಿಮಗೇ ನೆನಪಾದದ್ದು. ಹಸನಬ್ಬ ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗ. ನನಗೆ ದುಃಖ ಇಲ್ವಾ? ಸಾಹುಲ್ ಬೆಳಿಗ್ಗೆಯೇ ದೋಣಿಯಲ್ಲಿ ಹಳೆ ಪಳ್ಳಿಗೆ ಹೋದ. ನೀವು ಕರೆಯಲಿಲ್ಲ, ಮತ್ತೆ ಎಲ್ಲಿಗೆ ಹೋಗುದು ಅವ?”

ಮೂಸಕುಂಞಿ ಅಲ್ಲಿಂದಲೇ ತಿರುಗಿದ. ಕಡವಿಗೆ ಓಡಿದ. ಅರವತ್ತರ ಮೊಣಕಾಲು, ಇಳಿಜಾರು ದಾರಿ. ಎರಡು ಕಡೆ ಜಾರಿದ. ಎರಡು ವರ್ಷ ಕಲ್ಲು ಹೊತ್ತು, ಮಣ್ಣು ಮೆಟ್ಟಿ ಕಟ್ಟಿದ್ದು ಒಂದು ಹೆಸರಿನ ಹಟಕ್ಕೆ ಬಿದ್ದುಹೋಗುತ್ತದಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚು ಹೆದರಿಕೆ.

ಆಚೆ ದಡದಲ್ಲಿ ಸಾಹುಲ್ ಹಮೀದ್ ನಿಂತಿದ್ದ. ಹಳೆ ಪಳ್ಳಿಯಲ್ಲಿ ಜುಮಾ ಮುಗಿಸಿ ಬಂದು, ಮನೆಗೆ ದಾಟಲಾಗದೆ ಹೊಳೆ ನೋಡುತ್ತಿದ್ದ. ದೋಣಿ ಈಚೆ ದಡದಲ್ಲಿ ಹಗ್ಗ ಹಾಕಿಕೊಂಡು ಕುಣಿಯುತ್ತಿತ್ತು. ಪಕ್ಕದಲ್ಲೇ ದೇವದಾಸ, ಕೈಯಲ್ಲಿ ಉದ್ದದ ಬಿದಿರ ಜಲ್ಲೆ.

“ದೋಣಿ ಬಿಡು, ದೇವದಾಸ. ಒಂದೇ ಒಂದು ಸಲ.”

“ಆಗುದಿಲ್ಲ, ಮೂಸಾಕ. ನೀರು ನೋಡಿ ಮಾರಾಯ್ರೆ. ಬೆಳಿಗ್ಗೆ ಬೇರೆ, ಈಗ ಬೇರೆ.”

ಮೂಸಕುಂಞಿ ತಲೆಯ ಮುಂಡಾಸು ಬಿಚ್ಚಿ ಬೀಸಿದ. ಈ ಕಡವಿನಲ್ಲಿ ಬಟ್ಟೆ ಬೀಸಿದರೆ ‘ಬಾ’ ಎಂದರ್ಥ; ಹೊಳೆಯ ಸದ್ದಿನಲ್ಲಿ ಬಾಯಿಮಾತು ದಾಟುವುದಿಲ್ಲ. ಸಾಹುಲ್ ಮೊದಲು ಹಿಂದೆ ತಿರುಗಿ ನೋಡಿದ, ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಎಂಬ ಹಾಗೆ. ಅಲ್ಲಿ ಬೇರೆ ಯಾರೂ ಇರಲಿಲ್ಲ. ಮೂಸಕುಂಞಿ ಇನ್ನೂ ಜೋರಾಗಿ ಬೀಸಿದ.

ಸಾಹುಲ್ ಅಂಗಿ ಕಳಚಿದ. ಮುಂಡು ಎತ್ತಿ ಬಿಗಿದು ಕಟ್ಟಿದ. ನೀರಿಗಿಳಿದ.

“ಅಯ್ಯೋ, ಈಜಿಕೊಂಡು ಬರ್ತಾನೆ!” ದೇವದಾಸ ಕೂಗಿದ. “ಎಂತ ಮಾಡಿದ್ರಿ ನೀವು?”

ಮೂಸಕುಂಞಿಗೆ ಅದು ಹೊಳೆದೇ ಇರಲಿಲ್ಲ. ಕರೆಯಬೇಕು ಎಂದಷ್ಟೇ ಇತ್ತು. ಕರೆದರೆ ಹೇಗೆ ಬರುತ್ತಾನೆಂದು ಯೋಚಿಸಿರಲಿಲ್ಲ. ಎರಡು ವರ್ಷ ಮುಖ ನೋಡದ ಮುದುಕ ಒಮ್ಮೆ ಬಟ್ಟೆ ಬೀಸಿದ್ದಕ್ಕೆ ಈ ಹುಡುಗ ಒಂದು ಗಳಿಗೆಯೂ ತಡೆಯದೆ ಸಾವಿಗೆ ಇಳಿದುಬಿಟ್ಟನಲ್ಲ! ನೀರು ಸೊಂಟಕ್ಕೆ ಬಂತು, ಎದೆಗೆ ಬಂತು. ಮರದ ದಿಮ್ಮಿಯೊಂದು ಅವನ ಮುಂದಿನಿಂದ ಉರುಳಿಕೊಂಡು ಹೋಯಿತು. ನಡುಹೊಳೆಯ ಸುಳಿ ಅದೇ ಜಾಗದಲ್ಲಿ, ಅದೇ ಹಾಗೆ ತಿರುಗುತ್ತಿತ್ತು.

“ಬೇಡ! ಬರಬೇಡ!” ಮೂಸಕುಂಞಿ ಕಿರುಚಿದ. ಮಾತು ನೀರಿನ ಮೇಲೆಯೇ ಬಿದ್ದುಹೋಯಿತು.

ದೇವದಾಸನ ಕೈಯಿಂದ ಜಲ್ಲೆ ಕಿತ್ತುಕೊಂಡು ಅವನು ಹೊಳೆಗೆ ಇಳಿದ. ಸೊಂಟದವರೆಗಿನ ನೀರಿನಲ್ಲಿ ನಿಂತು, ಎರಡೂ ಕೈಯಲ್ಲಿ ಜಲ್ಲೆಯನ್ನು ಅಡ್ಡಕ್ಕೆ ಹಿಡಿದು ತಲೆಯ ಮೇಲೆ ಎತ್ತಿದ. ಜಲ್ಲೆ ಅಡ್ಡವಾದರೆ ಕಡವು ನಿಂತಿತು ಎಂದರ್ಥ. ಆ ದಿನ ದೇವದಾಸ ಎತ್ತಿದ್ದೂ ಇದನ್ನೇ, ಹಸನಬ್ಬ ಕೇಳದೆ ಹೋದದ್ದೂ ಇದನ್ನೇ. ಹೆಗಲು ಕಿತ್ತುಬರುವಂತಾಯಿತು. ಇಳಿಸಲಿಲ್ಲ. ಹಿಂದಿನಿಂದ ದೇವದಾಸ ಅವನ ಬೆಲ್ಟು ಹಿಡಿದು ನಿಂತ.

ಸಾಹುಲ್ ನೋಡಿದ. ಕುತ್ತಿಗೆಯವರೆಗೆ ನೀರು. ಬಹಳ ಹೊತ್ತು ಹಾಗೇ ನಿಂತಿದ್ದ, ಅಥವಾ ಮೂಸಕುಂಞಿಗೆ ಹಾಗೆ ಅನ್ನಿಸಿತು. ಆಮೇಲೆ ಒಂದೊಂದೇ ಹೆಜ್ಜೆ ಹಿಂದೆ ಇಟ್ಟು ದಡ ಹತ್ತಿ ಕುಸಿದು ಕೂತ.

ಮೂಸಕುಂಞಿ ಪಳ್ಳಿಗೆ ಹಿಂತಿರುಗಿದಾಗ ಮೂರಕ್ಕೆ ಹತ್ತು ನಿಮಿಷ ಇತ್ತು. ಬಾಗಿಲಲ್ಲಿ ಒಬ್ಬ ಅವನ ಕಿವಿಯ ಹತ್ತಿರ ಬಗ್ಗಿದ. “ಕಾಕ, ಮರ ಕೊಯ್ಯಲಿಕ್ಕೆ ಬಂದ ಆ ಕಣ್ಣೂರಿನವ ಹಿಂದೆ ಕೂತಿದ್ದಾನೆ. ಮೂರು ತಿಂಗಳಾಯ್ತು ಬಂದು. ಹಾಜಿಗೆ ಯಾರು ಎಂತ ಅಂತ ಗೊತ್ತುಂಟಾ? ನಲವತ್ತು ಅಂತ ಹೇಳಿಬಿಡಿ.”

ಹೇಳಿಬಿಡಬಹುದಿತ್ತು. ನಾಲಗೆಯ ತುದಿಗೂ ಬಂದಿತ್ತು. ಇಲ್ಲವೆಂದರೆ ಮುಂದಿನ ಶುಕ್ರವಾರ ಇವರೆಲ್ಲ ಅದೇ ಕಡವಿನಲ್ಲಿ ಸಾಲಾಗಿ ನಿಲ್ಲಬೇಕು. ಪೊಕ್ಕರ್ ಹಾಜಿ ತಿರುಗಿ ಅವನನ್ನೇ ನೋಡುತ್ತಿದ್ದರು. ಆದರೆ ಸುಳ್ಳು ಲೆಕ್ಕದ ಮೇಲೆ ನಿಂತ ಜುಮಾವನ್ನು ಮಗನ ನೆನಪಿಗೆ ಕಟ್ಟಿದ ಪಳ್ಳಿಯಲ್ಲಿ ಹೇಗೆ ನಡೆಸುವುದು?

“ಮೂವತ್ತೊಂಬತ್ತು, ಹಾಜಿಯಾರೆ. ನಲವತ್ತನೆಯವ ಹೊಳೆಯ ಆಚೆ ಇದ್ದಾನೆ. ಬರಲಿಕ್ಕೆ ನೀರಿಗೆ ಇಳಿದ. ನಾನೇ ಬೇಡ ಅಂದೆ.”

ಖುತುಬಾದ ಪುಸ್ತಕವನ್ನು ಮುಸ್ಲಿಯಾರ್ ಬಟ್ಟೆಯಲ್ಲಿ ಸುತ್ತಿ ಮೇಲಿಟ್ಟರು. “ಧಾವಿಸಿ ಬನ್ನಿ ಅಂತ ಹೇಳಿದ ದೇವರು ಹೊಳೆಗೆ ಹಾರಿ ಅಂತ ಹೇಳಲಿಲ್ಲ,” ಎಂದಷ್ಟೇ ಹೇಳಿ ಮುಂದೆ ನಿಂತರು. ಲುಹರ್ ನಮಾಜು ಆಯಿತು.

ಮುಗಿದ ಮೇಲೆ ಮೂಸಕುಂಞಿ ಊರಿನ ಗಂಡಸರ ಪಟ್ಟಿಯನ್ನು ತರಿಸಿ, ಕೆಳಗೆ ತನ್ನ ಕೈಯಾರೆ ‘ಸಾಹುಲ್ ಹಮೀದ್’ ಎಂದು ಬರೆದು ಹಾಜಿಯವರ ಮುಂದಿಟ್ಟ. ಹಾಜಿ ಓದಿದರು. ಆ ಹೆಸರು ಇಷ್ಟು ದಿನ ಏಕೆ ಇರಲಿಲ್ಲವೆಂದು ಹೊಳೆಯ ಎರಡೂ ದಡಕ್ಕೆ ಗೊತ್ತಿತ್ತು.

“ಹೊಳೆಯ ನೀರು ಇಳಿಯದೆ ನಾನು ಹೋಗುದು ಹೇಗೆ?” ಎಂದರು, ಕೊಡೆಯ ಹಿಡಿ ತಿರುವುತ್ತ. “ಖಾಝಿಯವರಿಗೆ ಕಾಗದ ಬರೆಯುದೂ ಅಲ್ಲಿ ಮುಟ್ಟಿದ ಮೇಲೆ ಅಲ್ವಾ. ಬರುವ ಶುಕ್ರವಾರ ಇನ್ನೊಮ್ಮೆ ಎಣಿಸುವ.”

ಮೂಸಕುಂಞಿ ಮತ್ತೆ ಕಡವಿಗೆ ಬಂದ. ಒದ್ದೆ ಮುಂಡು ಕಾಲಿಗೆ ಅಂಟುತ್ತಿತ್ತು. ಆಚೆ ದಡದಲ್ಲಿ ಸಾಹುಲ್ ಇನ್ನೂ ಇದ್ದ. ಇವನನ್ನು ಕಂಡು ಎದ್ದು ನಿಂತ.

“ದೇವದಾಸ, ನೀರು ಇಳಿದ ಮೇಲೆ ಮೊದಲ ದೋಣಿಯಲ್ಲಿ ಅವನನ್ನು ಕರ್ಕೊಂಡು ಬಾ ಮಾರಾಯ.”

“ದೋಣಿ ತುಂಬಲಿಕ್ಕೆ ಬೇರೆ ಜನ ಸಿಗುವವರೆಗೆ ಕಾಯುದು ಬೇಡ್ವಾ, ಮೂಸಾಕ?”

ಮೂಸಕುಂಞಿ ಆಚೆಯವನ ಮೇಲಿಂದ ಕಣ್ಣು ತೆಗೆಯದೆ ಹೇಳಿದ:

“ಬೇಡ. ಅವ ಒಬ್ಬನೇ ಬರ್ಲಿ. ಬಂದರೆ ಸಾಕು.”