ಬೆಟ್ಟದಿಂದ ಜೊತೆಗೆ ಬಂದವಳು

ದೀಪಾವಳಿಗೆ ಮೂರು ದಿನ ರಜೆ ಒಟ್ಟಿಗೆ ಸಿಕ್ಕಿತ್ತು. ಭಾನುಪ್ರಿಯಾ ಭಾನುವಾರ ಬೆಳಿಗ್ಗೆಯೇ ಗೆಳತಿಯರಿಬ್ಬರನ್ನೂ ಹೊರಡಿಸಿದ್ದಳು. ಪಿಯುಸಿಯಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಮೂವರು ಅವರು. ಈಗ ಭಾನು ಆಸ್ಪತ್ರೆಯ ಲ್ಯಾಬಿನಲ್ಲಿದ್ದಾಳೆ, ಅಪೂರ್ವ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ, ನಯನಾ ಸ್ವಂತ ಬ್ಯೂಟಿ ಪಾರ್ಲರ್ ಇಟ್ಟಿದ್ದಾಳೆ. ವಾರವೆಲ್ಲ ಯಾರು ಎಲ್ಲಿ ಸವೆದರೂ ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಇಳಿದು, ಒಬ್ಬರ ಮನೆಯಲ್ಲಿ ಉಂಡರೇ ಅವರಿಗೆ ಸಮಾಧಾನ. ಹಬ್ಬದ ಆ ಭಾನುವಾರ ಊಟ ಅಶೋಕಪುರಂನ ಭಾನು ಮನೆಯಲ್ಲಿ.

ನಂದಿಯ ಹತ್ತಿರ ಸುಧಾರಿಸಿಕೊಳ್ಳಲು ಕೂತಾಗ ಅವರ ಜೊತೆ ಇನ್ನೊಬ್ಬಳಿದ್ದಳು. ಹೆಚ್ಚುಕಡಿಮೆ ಅವರದೇ ವಯಸ್ಸು, ಹಸಿರು ಚೂಡಿದಾರ, ಮೃದು ಮಾತು. ಅಪೂರ್ವ ಅವಳಿಗೆ ನೀರಿನ ಬಾಟಲಿ ಕೊಟ್ಟಳು. ಓಹೋ, ಕಾಲೇಜಿನವರಿರಬೇಕು ಎಂದುಕೊಂಡಳು ಭಾನು. ಮೊದಲೇ ಹೇಳಬಾರದಿತ್ತೇ ಈ ಅಪೂರ್ವ ಎಂದು ಕೊಂಚ ಮುನಿಸೂ ಬಂತು. ಇಳಿಯುವಾಗ ಆ ಹೆಂಗಸು ನಯನಾಳ ಚೀಲ ಹಿಡಿದಳು, ಸೌತೆಕಾಯಿ ಕೊಡಿಸಿದಳು. ಅಷ್ಟು ಹೊತ್ತಾದ ಮೇಲೆ ಹೆಸರು ಕೇಳುವುದು ಹೇಗೆ? ಭಾನು "ಇವ್ರೇ" ಎಂದೇ ಸಾಗಿಸಿದಳು. ಕೊನೆಗೆ, "ಮನೆಗೆ ಬನ್ನಿ, ಊಟ ಮಾಡ್ಕೊಂಡು ಹೋಗೋರಂತೆ," ಎಂದೂ ಕರೆದಳು. ಅವಳು ಒಂದು ಕ್ಷಣ ತಡೆದು, ಬಂದಳು.

ಭಾನುವಿನ ತಾಯಿ ಮುದ್ದಮ್ಮ ಹುರುಳಿ ಉಪ್ಸಾರು, ಮುದ್ದೆ, ಒಬ್ಬಟ್ಟು ಮಾಡಿದ್ದರು. ನಾಲ್ವರೂ ಬೆರಳು ನೆಕ್ಕಿಕೊಂಡು ಉಂಡರು. ಊಟವಾದ ಮೇಲೆ ಆ ಹೆಂಗಸು ನಡುಮನೆಯಲ್ಲಿ ಭಾನುವಿನ ತಂದೆ ಸಣ್ಣಮಾದಯ್ಯನವರ ಪಕ್ಕ ಕೂತು, ಸಂಜೆಯ ದೀಪಗಳಿಗೆ ಬತ್ತಿ ಹೊಸೆಯತೊಡಗಿದಳು.

ಅಡುಗೆಮನೆಯಲ್ಲಿ ಅಪೂರ್ವ ತಟ್ಟೆ ತೊಳೆಯುತ್ತಾ, "ನಿಮ್ಮ ನೆಂಟರು ಎಷ್ಟು ಸಂಕೋಚದವರು ಕಣೇ. ಒಂದೇ ಒಬ್ಬಟ್ಟು ತಿಂದ್ರು," ಎಂದಳು.

"ಯಾವ ನೆಂಟ್ರು?"

"ಅವರೇ, ಹಸಿರು ಚೂಡಿದಾರ."

ಭಾನುವಿನ ಕೈಯಲ್ಲಿದ್ದ ಪಾತ್ರೆ ಅಲ್ಲೇ ನಿಂತಿತು. "ನಿನ್ನ ಕಾಲೇಜಿನವ್ರಲ್ವ ಅವ್ರು?"

ಇಬ್ಬರೂ ನಯನಾಳ ಮುಖ ನೋಡಿದರು. "ನನ್ನನ್ನ ಯಾಕ್ರೇ ನೋಡ್ತೀರ? ನಿಮ್ಮಿಬ್ಬರಲ್ಲಿ ಯಾರೋ ಕರ್ಕೊಂಡು ಬಂದಿದ್ದೀರ ಅಂದ್ಕೊಂಡಿದ್ದೆ," ಎಂದ ನಯನಾ ಥಟ್ಟನೆ ಕತ್ತಿನ ಸರ ಮುಟ್ಟಿಕೊಂಡಳು. ಮೂಲೆಯಲ್ಲಿದ್ದ ತನ್ನ ಚೀಲವನ್ನೂ ತಡಕಿ ನೋಡಿದಳು. ಎಲ್ಲ ಇದ್ದಲ್ಲೇ ಇತ್ತು. ಭಾನುವಿಗೆ ಭಯವಾಯಿತೋ, ನಯನಾಳ ಕೈ ನೋಡಿ ನಾಚಿಕೆಯಾಯಿತೋ, ನಗುವೇ ಬಂತೋ ತಿಳಿಯಲಿಲ್ಲ. ಗುರುತೇ ಇಲ್ಲದವಳನ್ನು ಅಪ್ಪನ ಪಕ್ಕ ಕೂರಿಸಿಬಿಟ್ಟಿದ್ದಾಳೆ. ಈಗ ಎಬ್ಬಿಸುವುದು ಹೇಗೆ?

"ಉಣ್ಣಕ್ಕಿಕ್ಕಿದ್ ಮೇಲೆ ಪಿಸಪಿಸ ಏನ್ರವ್ವ?" ಎಂದು ಮುದ್ದಮ್ಮ ಸೆರಗಿಗೆ ಕೈ ಒರೆಸಿಕೊಂಡು ನಡುಮನೆಗೆ ಹೋದರು. "ನಿನ್ ಎಸ್ರೇನವ್ವ? ಈ ಐಕ್ಳು ಯೋಳ್ನೇ ಇಲ್ಲ."

ಅವಳು ಬತ್ತಿ ಕೆಳಗಿಟ್ಟಳು. ಮುಖ ಕೆಂಪಗಾಗಿತ್ತು. "ಅಂಬುಜಾ ಅಂತ. ಇವರಿಗೂ ಗೊತ್ತಿಲ್ಲಮ್ಮ."

ಅವಳು ಈಚೆಗೆ ಮೈಸೂರಿಗೆ ವರ್ಗವಾಗಿ ಬಂದವಳು, ಕೆಸರೆಯಲ್ಲಿ ಬಾಡಿಗೆ ಕೋಣೆ. ತಾಯಿ ತೀರಿಕೊಂಡಿದ್ದರಿಂದ ಈ ವರ್ಷ ಅವಳ ಮನೆಯಲ್ಲಿ ಹಬ್ಬವಿಲ್ಲ. ಕೋಣೆಯಲ್ಲಿ ಕೂರಲಾರದೆ ಬೆಟ್ಟಕ್ಕೆ ಬಂದು ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು.

"ನೀವೇ ಕರೆದ್ರಿ," ಎಂದು ಭಾನುವನ್ನು ನೋಡಿದಳು. "ಮೇಲಿನ ಮೆಟ್ಟಿಲಿಂದ, 'ಬಾರೇ, ಅಲ್ಲೇ ಕೂತ್ಬುಟ್ಯಲ್ಲ' ಅಂದ್ರಿ. ನನಗಲ್ಲ ಅಂತ ಆಮೇಲೆ ಗೊತ್ತಾಯ್ತು. ಅಷ್ಟರಲ್ಲಿ ಇವರು ನೀರು ಕೊಟ್ಟಿದ್ರು. ನಾನು ಹೇಳಬೇಕಿತ್ತು."

ಭಾನುವಿಗೆ ನೆನಪಾಯಿತು. ಹಿಂದೆ ಉಳಿದಿದ್ದ ನಯನಾಳನ್ನು ತಿರುಗಿ ನೋಡದೆಯೇ ಕೂಗಿದ್ದಳು.

"ಸಾವಾದ ವರ್ಷ ಹಬ್ಬದ ಮನೆಗೆ ಬರಬಾರದಿತ್ತು, ತಪ್ಪಾಯ್ತಮ್ಮ," ಎಂದು ಅಂಬುಜಾ ಎದ್ದಳು.

"ನಮ್ಮನೇಲಿ ಅಂಗೆಲ್ಲ ನೋಡಕಿಲ್ಲ ಕಣವ್ವ," ಎಂದರು ಸಣ್ಣಮಾದಯ್ಯ. "ಕುಂತ್ಕೊ. ಬತ್ತಿ ಇನ್ನೂ ಅವೆ."

ದೀಪ ಹಚ್ಚಿದ ಮೇಲೆ ಭಾನು ಅವಳನ್ನು ಸ್ಕೂಟರಿನಲ್ಲಿ ಕೆಸರೆಗೆ ಬಿಟ್ಟುಬಂದಳು. ಇಳಿಯುವಾಗ ಭಾನುವಿನ ಬಾಯಿಂದ, "ಮುಂದಿನ ವಾರವೂ ಬನ್ನಿ," ಎಂದು ಬಂದುಬಿಟ್ಟಿತು. ಕರುಣೆಯಿಂದ ಹೇಳಿದೆನೋ, ನಿಜವಾಗಿ ಬೇಕೆನಿಸಿ ಹೇಳಿದೆನೋ ಅವಳಿಗೇ ಗೊತ್ತಾಗಲಿಲ್ಲ.

ಫೋನಿನಲ್ಲಿ ಅದನ್ನು ಹೇಳಿದಾಗ ನಯನಾಗೆ ಸಿಟ್ಟು ಬಂತು. "ಒಂದು ಮಾತು ಕೇಳೋದಲ್ವೇನೇ? ಇಷ್ಟು ವರ್ಷ ಮೂವರೇ ಇದ್ದದ್ದು," ಎಂದು ಫೋನ್ ಇಟ್ಟವಳು ವಾರವಿಡೀ ಮಾತಾಡಲಿಲ್ಲ. ಅವಳದು ತಪ್ಪೆನ್ನಲೂ ಭಾನುವಿಗೆ ಬಾಯಿ ಬರಲಿಲ್ಲ. ಮೂವರ ನಡುವೆ ಇದ್ದದ್ದನ್ನು ಒಬ್ಬಳೇ ಹಂಚಿಬಂದ ಹಾಗಿತ್ತು.

ಮುಂದಿನ ಭಾನುವಾರ ಬೆಟ್ಟದ ಬುಡದಲ್ಲಿ ಅಂಬುಜಾ ಎಲ್ಲರಿಗಿಂತ ಮೊದಲೇ ಬಂದು ನಿಂತಿದ್ದಳು. ಅಪೂರ್ವ ಬಂದಳು. ನಯನಾಳ ಸುಳಿವಿಲ್ಲ. ಹತ್ತುವುದೋ ಕಾಯುವುದೋ ಎಂದು ಭಾನು ತೊಳಲಾಡುತ್ತಿರುವಾಗ ಆಟೋ ಇಳಿದು ನಯನಾ ಬಂದಳು. ಭಾನು ಕಡೆ ತಿರುಗಲೂ ಇಲ್ಲ. ನೇರ ಅಂಬುಜಾಳ ಹತ್ತಿರ ಹೋಗಿ, "ನಿಮ್ಮ ಕೂದಲು ಯಾಕ್ರೀ ಹೀಗೆ ಒಣಗಿದೆ? ಎಣ್ಣೆ ಹಾಕಲ್ವ?" ಎಂದಳು.

ಇಬ್ಬರೂ ಎಣ್ಣೆ, ಸೀಗೆಪುಡಿ ಎಂದು ಮಾತಾಡುತ್ತಾ ಹತ್ತಿಯೇಬಿಟ್ಟರು. ರಾಜಿಯಾಯಿತೋ, ತನ್ನೊಬ್ಬಳ ಮೇಲಿನ ಕೋಪ ಹಾಗೇ ಉಳಿಯಿತೋ ಅರ್ಥವಾಗದೆ ಭಾನು ಕೆಳಗಿನ ಮೆಟ್ಟಿಲಲ್ಲೇ ನಿಂತಳು. ಅಪೂರ್ವ ಅವಳ ಮೊಣಕೈ ಹಿಡಿದು, "ನಡಿ, ಬಿಸಿಲಾಗುತ್ತೆ," ಎಂದಳು.