ಇಡೀ ಬೇರು

ಗುರುವಪ್ಪನ ಮೂಗಿನ ಹತ್ತಿರ ಹಿಡಿದ ಬೆರಳಿಗೆ ಉಸಿರು ತಾಗಲಿಲ್ಲ. ರುದ್ರಮ್ಮ ಬೆರಳು ಒದ್ದೆ ಮಾಡಿಕೊಂಡು ಮತ್ತೆ ಹಿಡಿದಳು. ಈಗ ತುಸು ತಣ್ಣಗಾಯಿತು. ಗಂಡನ ಉಸಿರೋ, ಬಾಗಿಲಿನಿಂದ ಬಂದ ಗಾಳಿಯೋ ತಿಳಿಯಲಿಲ್ಲ. ಅಂಗಳದಲ್ಲಿ ಬಿಸಿಲೇರಿತ್ತು. ನಿನ್ನೆ ದೀಪ ಹಚ್ಚುವ ಮೊದಲು ಮಲಗಿದವನು ಮಗ್ಗುಲೂ ಬದಲಿಸಿರಲಿಲ್ಲ.

ಗುರುವಪ್ಪ ಕಾಡಿನಿಂದ ಸೋಮವಾರಪೇಟೆಗೆ ದಿಮ್ಮಿ ಸಾಗಿಸುವ ಗಾಡಿಯವನು. ಮಡಿಕೇರಿಯಲ್ಲಿ ಕೊಡಗಿನದೇ ಸರ್ಕಾರ ಬಂದ ಮರುವರ್ಷ, ದೀಪಾವಳಿ ಕಳೆದ ಮೇಲೆ, ಒಂಟಿ ಸಲಗವೊಂದು ನೊಗದಲ್ಲಿದ್ದ ಅವನ ಎತ್ತನ್ನು ಕಣ್ಣೆದುರೇ ತುಳಿದು ಹಾಕಿತು. ಅವನ ಮೈಗೆ ಒಂದು ಗೀರೂ ಬೀಳಲಿಲ್ಲ. ಆದರೆ ಅಂದಿನಿಂದ ನಿದ್ದೆ ಹೋಯಿತು. ಕತ್ತಿ ಹಿಡಿದು ಗೋಡೆ ಮೂಲೆಯಲ್ಲಿ ಕೂತಿರುತ್ತಿದ್ದ. ಮೊನ್ನೆ ನೀರು ಕೊಡಲು ಬಗ್ಗಿದ ರುದ್ರಮ್ಮನನ್ನೇ "ಬಂತು, ಬಂತು!" ಎಂದು ಕಡಿಯಲು ಎದ್ದಿದ್ದ. ಕತ್ತಿ ಅವಳ ಕಿವಿಯ ಪಕ್ಕದಲ್ಲೇ ಹಾದು ಬಾಗಿಲ ಚೌಕಟ್ಟಿಗೆ ನಾಟಿತ್ತು. ಹುಚ್ಚಾಸ್ಪತ್ರೆಗೆ ಕಟ್ಟಿಹಾಕಿಯಾದರೂ ಒಯ್ಯುತ್ತೇನೆಂದು ಅವನ ಅಣ್ಣ ಶಾಂತಪ್ಪ ಹೇಳಿ ಹೋಗಿದ್ದ.

ಸೂಲಗಿತ್ತಿ ಕಾಮಾಕ್ಷಮ್ಮ ಕಾಡಂಚಿನಲ್ಲಿ ಕಿತ್ತ ಸರ್ಪಗಂಧಿಯ ಬೇರು ಕೊಟ್ಟಿದ್ದಳು. "ಉಗುರಿನಷ್ಟು ತೇದು ಹಾಲಲ್ಲಿ ಕೊಡು. ನಿಧಾನಕ್ಕೆ ತಲೆ ತಣ್ಣಗಾಯ್ತದೆ, ನಿದ್ದೆ ಬತ್ತದೆ. ಅವಸರ ಮಾಡ್ಬೇಡ ಕಣವ್ವ, ಇದು ಜೀವಾನೂ ತಣ್ಣಗೆ ಮಾಡೋ ಬೇರು."

ಆದರೆ ಬೆಳಗಾದರೆ ಶಾಂತಪ್ಪ ಬರುವವನಿದ್ದ. ರುದ್ರಮ್ಮ ಇಡೀ ಬೇರನ್ನೇ ತೇದಿದ್ದಳು.

ಅಂಗಳದಲ್ಲಿ ಗಾಡಿ ನಿಂತಿತು. ಶಾಂತಪ್ಪ ಹೆಗಲ ಮೇಲೆ ಹಗ್ಗ ಹಾಕಿಕೊಂಡು ಒಳಗೆ ಬಂದ.

"ಮಲಗವ್ನಾ? ಒಳ್ಳೇದೇ ಆಯ್ತು. ಏಳೋದ್ರೊಳಗೆ ಕಟ್ಬುಡಾನ."

ತಮ್ಮನ ಕೈ ಹಿಡಿದವನು ಹಾಗೇ ನಿಂತ. "ಏನವ್ವ ಇದು, ಮೈಯೆಲ್ಲ ತಣ್ಣಗೈತೆ?"

ಸುಳ್ಳೊಂದು ರುದ್ರಮ್ಮನ ನಾಲಗೆಯ ತುದಿಗೆ ಬಂದಿತ್ತು, ಅದನ್ನು ನುಂಗಿಕೊಂಡಳು. "ಬೇರು ಜಾಸ್ತಿ ಹಾಕ್ದೆ ಬಾವ. ನೀವು ಕರ್ಕೊಂಡ್ ಹೋಯ್ತೀರಲ್ಲ ಅಂತ..." ಇವನು ಏಳದಿದ್ದರೆ ಎಂಬ ಭಯದ ಹಿಂದೆಯೇ, ಎದ್ದರೆ ಎಂಬ ಭಯವೂ ಅವಳಲ್ಲಿ ಕೂತಿತ್ತು. ಅದನ್ನು ಯಾರಿಗೂ ಹೇಳುವಂತಿರಲಿಲ್ಲ.

ಶಾಂತಪ್ಪ ಬೈಯಲಿಲ್ಲ. ಹಗ್ಗವನ್ನು ಕೆಳಗಿಟ್ಟು ಕೂತ. "ನೀನು ಕಾಲು ತಿಕ್ಕು. ನಾನು ಕೈ ತಿಕ್ತೀನಿ."

ಇಬ್ಬರೂ ತಿಕ್ಕುತ್ತಲೇ ಇದ್ದರು. "ಗುರುವಾ, ಲೋ ತಮ್ಮಾ" ಎಂದು ಕರೆದೂ ಕರೆದೂ ಶಾಂತಪ್ಪನ ದನಿ ಒಡೆಯಿತು.

ಮಧ್ಯಾಹ್ನ ಇಳಿಯುವಾಗ ಗುರುವಪ್ಪನ ರೆಪ್ಪೆ ಅಲುಗಿ ಕಣ್ಣು ತೆರೆಯಿತು. ರುದ್ರಮ್ಮ ತನಗರಿವಿಲ್ಲದೆ ಬಾಗಿಲವರೆಗೂ ಸರಿದಿದ್ದಳು. ಅವನು ಅವಳನ್ನೇ ಬಹಳ ಹೊತ್ತು ನೋಡಿದ.

"ಎತ್ತು ಸತ್ತೋಯ್ತು ಕಣೆ," ಅಂದ.

ಅಷ್ಟು ದಿನದಲ್ಲಿ ಎತ್ತಿನ ಮಾತನ್ನು ಅವನು ಆಡಿದ್ದು ಅದೇ ಮೊದಲು. ಕಣ್ಣಿನ ಅಂಚಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. ರುದ್ರಮ್ಮ ಒಂದೊಂದೇ ಹೆಜ್ಜೆ ಇಟ್ಟು ಬಂದು ಅವನ ತಲೆಯ ಬಳಿ ಕುಳಿತಳು.

ಹೊರಗೆ ಗಿಳಿಯ ಹಿಂಡೊಂದು ಒಣಹಾಕಿದ್ದ ಭತ್ತದ ಮೇಲಿಳಿದು ಗದ್ದಲವೆಬ್ಬಿಸಿತು. ಮೂವರಿಗೂ ಕೇಳಿಸುತ್ತಿತ್ತು. ಓಡಿಸಲು ಯಾರೂ ಏಳಲಿಲ್ಲ.